ಮಲ್ಪೆ ದೋಣಿಗೆ 25ಕ್ಕೆ 21

ಅಂಕ ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಓದುವ ತಾಳ್ಮೆ ಯಾರಿಗೂ ಇರುವುದಿಲ್ಲ ಅಂತ ಇಪ್ಪತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದ ನನಗೆ ಚೆನ್ನಾಗಿ ಗೊತ್ತು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬರುವ ದೋಣಿಗೆ ನಾನು ಕೊಡುವುದು 25ಕ್ಕೆ 21. ಉಳಿದ ನಾಲ್ಕು ಎಲ್ಲಿ ಹೋಯಿತು ಅಂತ ದಾರಿಯಲ್ಲಿ ಹೇಳುತ್ತಾ ಹೋಗುತ್ತೇನೆ. ಮರು ಎಣಿಕೆಗೆ ಅವಕಾಶ ಇಲ್ಲ.

ಈ ದ್ವೀಪಕ್ಕೆ ಇದು ನನ್ನ ಆರನೇ ಸಲ. ಹಿಂದಿನ ಐದು ಸಲವೂ ಶಾಲಾ ಪ್ರವಾಸ. ಅಂದರೆ ಐದು ಸಲ ಹೋಗಿಯೂ ನಾನು ದ್ವೀಪ ನೋಡಿರಲಿಲ್ಲ. ನೋಡಿದ್ದು ತಲೆಗಳನ್ನು ಮಾತ್ರ. ಅರವತ್ತೆರಡು ತಲೆ ಹತ್ತಿದವು, ಅರವತ್ತೆರಡು ಇಳಿದವು, ನೀರಿನ ಹತ್ತಿರ ಅರವತ್ತು, ಆ ಇನ್ನೆರಡು ಎಲ್ಲಿ, ಬಂಡೆಯ ಹಿಂದೆ ನೆಲ್ಲಿಕಾಯಿ ತಿನ್ನುತ್ತಿದ್ದಾರೆ, ಸರಿ, ಅರವತ್ತೆರಡು. ಮನೆಗೆ ಬಂದ ಮೇಲೆ ದ್ವೀಪ ಹೇಗಿತ್ತು ಅಂತ ಕೇಳಿದರೆ ನನಗೆ ನೆನಪಿರುತ್ತಿದ್ದದ್ದು ಯಾರು ಬಸ್ಸಲ್ಲಿ ವಾಂತಿ ಮಾಡಿದರು ಅನ್ನುವುದಷ್ಟೇ.

ಈ ಸಲ ದಸರಾ ರಜೆಯಲ್ಲಿ ಹೋದದ್ದು. ರಜೆ ಅಂದ ಕೂಡಲೇ ಕೆಲವರ ಮುಖ ಹೇಗಾಗುತ್ತದೆ ಅಂತ ಗೊತ್ತು. ಯಾವ ಮದುವೆ ಊಟಕ್ಕೆ ಹೋದರೂ ಒಬ್ಬ ದೊಡ್ಡಪ್ಪ ಇದ್ದೇ ಇರುತ್ತಾರೆ, "ನಿಮಗೆಂತ ಮಾರಾಯ್ತಿ, ವರ್ಷ ಇಡೀ ರಜೆ" ಅನ್ನಲಿಕ್ಕೆ. ಅವರಿಗೆ ನಮ್ಮ ಕರಾವಳಿಯ ಮಳೆ ರಜೆಯ ಲೆಕ್ಕ ಗೊತ್ತಿಲ್ಲ. ಜುಲೈಯಲ್ಲಿ ಜಿಲ್ಲಾಧಿಕಾರಿಗಳು ರಜೆ ಕೊಟ್ಟ ದಿನ ಮಕ್ಕಳು ಅವರನ್ನು ದೇವರ ಹಾಗೆ ಕಾಣುತ್ತಾರೆ. ನಾವೂ ಕಾಣುತ್ತೇವೆ, ಸುಳ್ಳು ಯಾಕೆ ಹೇಳಲಿ. ಆದರೆ ಅದು ರಜೆ ಅಲ್ಲ, ಸಾಲ. ಆಮೇಲೆ ಶನಿವಾರ ಮಧ್ಯಾಹ್ನಗಳಲ್ಲಿ ಕಂತು ಕಂತಾಗಿ ತೀರಿಸಬೇಕು. ಬೇಸಿಗೆ ರಜೆಯಲ್ಲಿ ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನ, ಚುನಾವಣೆ ಇದ್ದ ವರ್ಷ ಅದರ ಡ್ಯೂಟಿ. ದಸರಾಕ್ಕೆ ಮೊದಲು ಅರ್ಧ ವಾರ್ಷಿಕ ಪರೀಕ್ಷೆ ಮುಗಿಯುತ್ತದೆ, ಹಾಗಾಗಿ ದಸರಾ ರಜೆ ಅಂದರೆ ಪೇಪರ್ ಬಂಡಲ್ ಜೊತೆ ಮನೆಗೆ ಬರುವುದು. ನವದುರ್ಗೆಯರ ಜೊತೆ ಹತ್ತನೆಯವಳಾಗಿ ಒಂಬತ್ತನೇ ತರಗತಿ ಬಿ ಸೆಕ್ಷನ್.

ರಜೆ ಸಿಕ್ಕಿದರೂ ದೇಹಕ್ಕೆ ಅದು ತಿಳಿಯುವುದಿಲ್ಲ. ಬೆಳಗ್ಗೆ ಐದೂವರೆಗೆ ಅಲಾರಾಂ ಇಲ್ಲದೆ ಎಚ್ಚರ. ಇಂಟರ್ವಲ್ ಹೊತ್ತಿಗೆ ಸರಿಯಾಗಿ ಚಹಾ ಬೇಕು, ಊಟದ ಬೆಲ್ಲಿನ ಹೊತ್ತಿಗೆ ಸರಿಯಾಗಿ ಹಸಿವು. ಮೊದಲನೇ ದಿನ ಮನೆಯ ಕಪಾಟುಗಳನ್ನೆಲ್ಲ ಖಾಲಿ ಮಾಡಿ ತುಂಬಿಸಿದೆ. ಎರಡನೇ ದಿನ ಪಕ್ಕದ ಮನೆಯಲ್ಲಿ ಟಿವಿ ಜೋರಾಗಿತ್ತು, ನಾನು ಕಿಟಕಿಯ ಸರಳಿಗೆ ಸೌಟಿನಿಂದ ಎರಡು ಸಲ ಬಡಿದು "ಯಾರದು ಗಲಾಟೆ?" ಅಂದುಬಿಟ್ಟೆ. ಕೂಡಲೇ ಸದ್ದು ನಿಂತಿತು. ಅಲ್ಲಿಯ ಅಂಕಲ್ ರಿಟೈರ್ ಆದ ಬ್ಯಾಂಕ್ ಮ್ಯಾನೇಜರ್, ಈಗ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ.

ಮೂರನೇ ದಿನ ನಮ್ಮ ಶಾಲೆಯ ಹಿಂದಿ ಟೀಚರ್ ಫೋನ್ ಮಾಡಿದಳು. "ಸಮುದ್ರ ತಣ್ಣಗೆ ಉಂಟಂತೆ, ದೋಣಿ ಬಿಟ್ಟಿದ್ದಾರಂತೆ. ನಾಳೆ ಬರ್ತೀಯಾ ಇಲ್ವಾ ಈಗಲೇ ಹೇಳು." ಮಳೆಗಾಲದಲ್ಲಿ ಈ ದೋಣಿಗಳು ಇರುವುದಿಲ್ಲ. ಮಳೆ ಮುಗಿದು ಸಮುದ್ರ ಶಾಂತವಾದ ಮೇಲೆ ಶುರು, ಆಮೇಲೂ ನೀರು ಏರುಪೇರಾದರೆ ಅವತ್ತಿಗೆ ಬಂದ್. ಆದ್ದರಿಂದ ದೂರದಿಂದ ಬರುವವರು ಸುಮ್ನೆ ಬಸ್ ಹತ್ತಬೇಡಿ, ಕೇಳಿಕೊಂಡೇ ಬನ್ನಿ.

ಉಡುಪಿಯಿಂದ ಮಲ್ಪೆಗೆ ಐದಾರು ಕಿಲೋಮೀಟರ್, ಸಿಟಿ ಬಸ್ ಸಿಗುತ್ತದೆ. ವಾರದ ದಿನ ಬೆಳಗ್ಗೆ ಒಂಬತ್ತೂವರೆಗೆ ಬಸ್ಸಲ್ಲಿ ಕಿಟಕಿ ಪಕ್ಕದ ಸೀಟು ಸಿಗುತ್ತದೆ ಅನ್ನುವುದೇ ನನಗೆ ದೊಡ್ಡ ಸುದ್ದಿ. ನಾನು ದಿನಾ ಬಸ್ ಹತ್ತುವ ಹೊತ್ತಿಗೆ ಕಾಲಿಡಲಿಕ್ಕೂ ಜಾಗ ಇರುವುದಿಲ್ಲ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಬುತ್ತಿ ಚೀಲ. ಆದಿ ಉಡುಪಿ ದಾಟಿದ ಮೇಲೆ ಕಂಡಕ್ಟರ್ ಬಂದು ಟಿಕೆಟ್ ಕೊಟ್ಟು ಚಿಲ್ಲರೆಯನ್ನೂ ವಾಪಸ್ ಕೊಟ್ಟ. ಕೇಳದೆ!

ಬಂದರು ಹತ್ತಿರ ಬಂದದ್ದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ಮಲ್ಪೆ ದೊಡ್ಡ ಮೀನುಗಾರಿಕಾ ಬಂದರು. ಜೂನ್ ಮತ್ತು ಜುಲೈಯಲ್ಲಿ ಯಾಂತ್ರಿಕ ಬೋಟುಗಳಿಗೆ 61 ದಿನ ನಿಷೇಧ ಇರುತ್ತದೆ. ಅದು ಮುಗಿದು ಎಲ್ಲವೂ ಮತ್ತೆ ನೀರಿಗಿಳಿದಿರುವುದರಿಂದ ಅಕ್ಟೋಬರಿನಲ್ಲಿ ಬಂದರಿಗೆ ಭರ್ತಿ ಜೀವ. ಐಸ್ ಪುಡಿ ಮಾಡುವ ಸದ್ದು, ಬುಟ್ಟಿ ಹೊತ್ತ ಹೆಂಗಸರು, ಏಲಂ ಕೂಗುವವರು. ಮೀನು ವಾಸನೆ ಆಗದವರು ಮೂಗಿಗೆ ಕರ್ಚೀಫು ಹಿಡಿದು ಓಡುತ್ತಾರೆ. ನಾವಿಬ್ಬರೂ ನಿಂತು ಬಂಗುಡೆ ರೇಟು ಕೇಳಿದೆವು. ತೆಗೆದುಕೊಳ್ಳಲಿಕ್ಕಲ್ಲ, ಸುಮ್ನೆ, ನಮ್ಮ ಓಣಿಯಲ್ಲಿ ಸ್ಕೂಟರಿನಲ್ಲಿ ಮೀನು ತರುವವನು ಎಷ್ಟು ಲಾಭ ಇಡುತ್ತಾನೆ ಅಂತ ತಿಳಿಯಲಿಕ್ಕೆ. ತಿಳಿಯಿತು.

ಟಿಕೆಟ್ ಇಬ್ಬರಿಗೂ ಸೇರಿ ಸಾವಿರದೊಳಗೆ ಮುಗಿಯಿತು. ಹೋಗಿ ಬರುವುದು ಎರಡೂ ಸೇರಿ. ಹತ್ತುವ ಮೊದಲು ಬ್ಯಾಗ್ ನೋಡುತ್ತಾರೆ, ಪ್ಲಾಸ್ಟಿಕ್ ಕಸ, ಬಾಟಲಿ ಗೀಟಲಿ ದ್ವೀಪಕ್ಕೆ ಹೋಗಬಾರದು ಅಂತ. ಒಳ್ಳೆಯ ಕೆಲಸ. ನನ್ನ ಬ್ಯಾಗ್ ತೆರೆದ ಹುಡುಗ ನೀರಿನ ಸ್ಟೀಲ್ ಬಾಟಲಿ ತೆಗೆದ, ಟೊಪ್ಪಿ ತೆಗೆದ, ಆಮೇಲೆ ಟ್ವೈನ್ ದಾರದಲ್ಲಿ ಕಟ್ಟಿದ ಒಂದು ಬಂಡಲ್ ತೆಗೆದ. ಅದರ ಮೇಲೆ ಸಿಕ್ಕಿಸಿದ ಕೆಂಪು ಪೆನ್ನು.

"ಇದೆಂತದು?"

"ಪೇಪರ್. ದೋಣಿ ಕಾಯುವಾಗ ನೋಡುವ ಅಂತ..."

ಅವನು ಬಂಡಲನ್ನು ತಿರುಗಿಸಿ ನೋಡಿ, ಹಾವು ಹಿಡಿದವರು ಇಡುವ ಹಾಗೆ ಮೆಲ್ಲ ವಾಪಸ್ ಇಟ್ಟ. "ಹೋಗಿ ಟೀಚರ್" ಅಂದ. ಹಿಂದಿ ಟೀಚರ್ ನನ್ನ ಮುಖ ನೋಡಲೇ ಇಲ್ಲ. ಅವಳ ಬ್ಯಾಗಲ್ಲೂ ಒಂದು ಇತ್ತು ಅಂತ ಸಂಜೆ ಒಪ್ಪಿಕೊಂಡಳು.

ಇನ್ನು ಕಾಯುವುದು. ದೊಡ್ಡ ದೋಣಿ ಜನ ತುಂಬದೆ ಹೊರಡುವುದಿಲ್ಲ, ಡೀಸೆಲ್ ಖರ್ಚು ಹುಟ್ಟಬೇಕಲ್ಲ, ಅದು ಅರ್ಥವಾಗುತ್ತದೆ. ಅರ್ಥವಾಗದ್ದು ಯಾರೂ ಏನೂ ಹೇಳದಿರುವುದು. "ಈಗ ಹೊರಡ್ತದೆ" ಅಂತ ನಾಲ್ಕು ಸಲ ಕೇಳಿಸಿಕೊಂಡೆ. ಮೊದಲನೇ "ಈಗ"ಕ್ಕೂ ಹೊರಟದ್ದಕ್ಕೂ ನಡುವೆ ಒಂದು ಪೀರಿಯಡ್ ಪೂರ್ತಿ ಹೋಯಿತು. ಇನ್ನು ಎಷ್ಟು ಜನ ಬೇಕು ಅಂತ ಒಂದು ಬೋರ್ಡಿನಲ್ಲಿ ಚಾಕ್‌ಪೀಸಿನಲ್ಲಿ ಬರೆದಿಟ್ಟರೂ ಸಾಕಿತ್ತು. ಇದಕ್ಕೆ ಎರಡು ಅಂಕ ಕಡಿಮೆ.

ಕೂರಲಿಕ್ಕೆ ಜಾಗ ನೋಡಿ, ಗೋಡೆ ಬದಿಯಲ್ಲಿ ಮಗುಚಿ ಹಾಕಿದ ನೀಲಿ ಕ್ರೇಟ್ ಒಂದರ ಮೇಲೆ ಬಂಡಲ್ ಇಟ್ಟು, ಇನ್ನೊಂದರ ಮೇಲೆ ಕೂತು ತಿದ್ದಲಿಕ್ಕೆ ಶುರು ಮಾಡಿದೆ. ನಾಲ್ಕು ಪೇಪರ್ ಮುಗಿಯಿತು. ನಾಲ್ಕನೆಯದರಲ್ಲಿ "ಪರ್ಯಾಯ ದ್ವೀಪ ಎಂದರೇನು?" ಅನ್ನುವ ಎರಡು ಅಂಕದ ಪ್ರಶ್ನೆಗೆ ಒಬ್ಬ ಹೀಗೆ ಬರೆದಿದ್ದ: "ಎರಡು ವರ್ಷಕ್ಕೊಮ್ಮೆ ಪರ್ಯಾಯ ಆಗುವ ದ್ವೀಪಕ್ಕೆ ಪರ್ಯಾಯ ದ್ವೀಪ ಎನ್ನುವರು."

ಬೇರೆ ಊರಿನವರಿಗೆ ಹೇಳುವುದಾದರೆ, ಉಡುಪಿ ಕೃಷ್ಣ ಮಠದಲ್ಲಿ ಅಷ್ಟ ಮಠಗಳ ಸ್ವಾಮಿಗಳು ಎರಡೆರಡು ವರ್ಷ ಸರದಿಯಂತೆ ಪೂಜೆ ನೋಡಿಕೊಳ್ಳುತ್ತಾರೆ, ಆ ಸರದಿ ಬದಲಾಗುವುದೇ ಪರ್ಯಾಯ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಇಡೀ ಪೇಟೆ ರಾತ್ರಿ ನಿದ್ದೆ ಮಾಡುವುದಿಲ್ಲ. ಅಂಥ ಊರಿನ ಹುಡುಗ ಇನ್ನೇನು ಬರೆಯಬೇಕು? ಸೊನ್ನೆ ಹಾಕಲಿಕ್ಕೆ ಕೈ ಬರಲಿಲ್ಲ. ಹಿಂದಿ ಟೀಚರಿಗೆ ತೋರಿಸಿದೆ. ಅವಳು ನಕ್ಕು ನಕ್ಕು ಪಕ್ಕದ ಕ್ರೇಟ್ ಬೀಳಿಸಿದಳು. ಅರ್ಧ ಅಂಕ ಕೊಟ್ಟೆ. ಊರಿನ ಜ್ಞಾನಕ್ಕೆ.

ದೋಣಿ ಹತ್ತುವಾಗ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕೊಡುತ್ತಾರೆ. ಬೆಲ್ಟ್ ಸರಿ ಇದೆಯಾ ನೋಡಿಕೊಳ್ಳಿ, ನನ್ನದು ಸರಿಯಾಗಿಯೇ ಇತ್ತು. ನನ್ನದು ಕಟ್ಟಿಕೊಂಡ ಮೇಲೆ ಕೈ ಸುಮ್ಮನಿರಲಿಲ್ಲ, ಪಕ್ಕದ ಸೀಟಿನ ಹುಡುಗನದ್ದೂ ಕಟ್ಟಿದೆ, ಅವನ ತಂಗಿಯದ್ದೂ ಕಟ್ಟಿದೆ, ಆಮೇಲೆ ಅವರ ಅಪ್ಪನದ್ದಕ್ಕೆ ಕೈ ಹಾಕಬೇಕೆಂದಿದ್ದೆ, ಹಿಂದಿ ಟೀಚರ್ ಸೆರಗು ಎಳೆದಳು. ಇಂಜಿನ್ ಶುರುವಾಗುವ ಮೊದಲು ನನಗೇ ತಿಳಿಯದೆ ಎಣಿಸಿ ಮುಗಿಸಿದ್ದೆ. ಮೂವತ್ತೆಂಟು. ಯಾರೋ ಎಲ್ಲಿಂದಲೋ ಬಂದ ಮೂವತ್ತೆಂಟು ಜನ, ಅವರು ಬಿದ್ದರೆ ಮೇಲಧಿಕಾರಿಗೆ ವಿವರಣೆ ಬರೆಯಬೇಕಾದವಳು ನಾನಲ್ಲ, ಆದರೂ.

ಅಷ್ಟರಲ್ಲಿ ದೋಣಿಯ ಹುಡುಗ ಒಬ್ಬ ಹಿಂದಿನಿಂದ ಮುಂದಕ್ಕೆ ಬರುತ್ತಾ ಒಬ್ಬೊಬ್ಬರ ಸೀಟಿನ ಬೆನ್ನು ಮುಟ್ಟಿ ತುಳುವಿನಲ್ಲಿ ಎಣಿಸತೊಡಗಿದ. ಒಂಜಿ, ರಡ್ಡ್, ಮೂಜಿ, ನಾಲ್, ಐನ್... ಕೈಯಲ್ಲಿ ಮುಟ್ಟಿ ಎಣಿಸುವುದು ನೋಡಿ, ಅದು ಸರಿಯಾದ ಕ್ರಮ. ಕಣ್ಣಲ್ಲಿ ಎಣಿಸಿದರೆ ಓಡಾಡುವವರು ಎರಡು ಸಲ ಸಿಗುತ್ತಾರೆ. ಚುಕ್ಕಾಣಿ ಹಿಡಿದವರ ಹತ್ತಿರ ಹೋಗಿ "ಮುಪ್ಪತ್ತೆಣ್ಮ" ಅಂದ. ನನ್ನ ಲೆಕ್ಕ ಸರಿಯಾಯಿತು. ಅವನಿಗೆ ಪೂರ್ಣಾಂಕ. ಈ ದೋಣಿಯ ಬಗ್ಗೆ ನನಗೆ ನಂಬಿಕೆ ಬಂದದ್ದು ಲೈಫ್ ಜಾಕೆಟ್ ನೋಡಿ ಅಲ್ಲ, ಆ ಹುಡುಗನ ಬೆರಳು ನೋಡಿ.

ಪ್ರಯಾಣ ಅರ್ಧ ಗಂಟೆಯೊಳಗೆ. ಬಂದರಿನ ಬೋಟುಗಳ ಸಾಲು ದಾಟಿ ಹೊರಗೆ ಬಂದ ಮೇಲೆ ಗಾಳಿ ಬೇರೆ, ನೀರಿನ ಬಣ್ಣ ಬೇರೆ. ಆ ಹೊತ್ತಿಗೆ ಸುಮ್ಮನೆ ಕೂತು ಅಲೆಯ ಸದ್ದು ಕೇಳೋಣ ಅಂದರೆ ನಾನು ಹೋದ ದೋಣಿಯಲ್ಲಿ ತಲೆ ಮೇಲೆಯೇ ಒಂದು ಸ್ಪೀಕರ್. ಹಾಡು ಒಳ್ಳೆಯದೇ, ಆದರೆ ಸ್ಕೂಲ್ ಡೇಯಲ್ಲಿ ಇಡೀ ದಿನ ಸ್ಪೀಕರ್ ಪಕ್ಕ ನಿಂತವಳ ಕಷ್ಟ ಯಾರಿಗೆ ಹೇಳುವುದು. ಒಂದೂವರೆ ಅಂಕ ಹೋಯಿತು. ಕೆಲವರು ಎದ್ದು ಕುಣಿದರು, ಅವರು ಇದಕ್ಕೇ ಎರಡು ಜಾಸ್ತಿ ಕೊಟ್ಟಾರು.

ದ್ವೀಪಕ್ಕೆ ಬರೋಣ. ನಮ್ಮ ಹಳಬರು ತೋನ್ಸೆಪಾರ್ ಅನ್ನುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಇಳಿದು ಮೇರಿ ಮಾತೆಯ ಹೆಸರಿಟ್ಟ ಅಂತ ಒಂದು ಕಥೆ ಉಂಟು, ಮಕ್ಕಳಿಗೆ ನಾನೂ ಅದನ್ನು ಕಥೆ ಅಂತಲೇ ಹೇಳುತ್ತೇನೆ. ನಿಜವಾದ ವಿಷಯ ಅದಕ್ಕಿಂತ ದೊಡ್ಡದು, ಅದು ಕಾಲಡಿಯಲ್ಲೇ ಇದೆ. ಕಂಬದ ಹಾಗೆ ನಿಂತ ಬಂಡೆಗಳು. ಯಾರೋ ಅಳತೆ ಹಿಡಿದು ಕಡಿದು ಒತ್ತೊತ್ತಾಗಿ ಜೋಡಿಸಿಟ್ಟ ಹಾಗೆ, ಒಂದೊಂದಕ್ಕೂ ಐದಾರು ಮುಖ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ಮತ್ತು ಭಾರತ ಬೇರೆ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಇದು. ತಣ್ಣಗಾಗುತ್ತಾ ಕುಗ್ಗಿ, ಕುಗ್ಗುತ್ತಾ ಬಿರಿದು, ಆ ಬಿರುಕು ಮೇಲಿಂದ ಕೆಳಗಿನವರೆಗೆ ಇಳಿದು ಕಂಬಗಳಾದವು. ಮಕ್ಕಳಿಗೆ ನಾನು ಕೊಡುವ ಉದಾಹರಣೆ ಬೇಸಿಗೆಯಲ್ಲಿ ಬಿರಿಯುವ ಗದ್ದೆಯ ಕೆಸರು, ಅದೂ ಹೀಗೇ ಚೌಕ ಚೌಕ, ಕೋನ ಕೋನವಾಗಿ ಒಡೆಯುತ್ತದಲ್ವಾ. ಈಗ ಗದ್ದೆ ನೋಡದ ಮಕ್ಕಳೇ ಜಾಸ್ತಿ. ಹೋದ ಸಲ ಒಬ್ಬಳು ತಾನಾಗಿಯೇ "ಕಟ್ ಮಾಡಿ ಇಟ್ಟ ಹಲ್ವ ಟೀಚರ್" ಅಂದಳು. ಅಂದಿನಿಂದ ನಾನೂ ಹಲ್ವವನ್ನೇ ಹೇಳುತ್ತಿದ್ದೇನೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದ್ದಾರೆ. ಐದು ಪ್ರವಾಸಗಳಲ್ಲಿ ನಾನು ಇದನ್ನೆಲ್ಲ ಬಂಡೆಗೆ ಬೆನ್ನು ಹಾಕಿ, ಮಕ್ಕಳ ಕಡೆ ಮುಖ ಮಾಡಿ, ಗಂಟಲು ಹರಿಯುವ ಹಾಗೆ ಕಿರುಚಿ ಹೇಳಿದವಳು. ಈ ಸಲ ಮೊದಲ ಬಾರಿಗೆ ಬಂಡೆ ಕಡೆ ಮುಖ ಮಾಡಿ ನಿಂತೆ. ಹತ್ತಿರ ಹೋಗಿ ಕೈಯಿಟ್ಟೆ. ಬಿಸಿಲಿಗೆ ಮೇಲ್ಭಾಗ ಸುಡುತ್ತಿತ್ತು, ಎರಡು ಕಂಬದ ಸಂದಿಯೊಳಗೆ ಬೆರಳು ಹಾಕಿದರೆ ತಣ್ಣಗೆ ಒದ್ದೆ. ಆ ಸಂದಿಯಲ್ಲಿ ಉಗುರಿನಷ್ಟು ಚಿಕ್ಕ ಏಡಿ ಒಂದು ನನ್ನ ಬೆರಳು ಕಂಡು ಅಡ್ಡಡ್ಡ ಹೋಗಿ ಒಳಗೆ ಸೇರಿತು. ಮುಖಗಳನ್ನು ಎಣಿಸಿದೆ. ಒಂದಕ್ಕೆ ಆರು, ಪಕ್ಕದ್ದಕ್ಕೆ ಐದು, ಇನ್ನೊಂದಕ್ಕೆ ಏಳು. ಷಟ್ಕೋನ ಷಟ್ಕೋನ ಅಂತ ಇಷ್ಟು ವರ್ಷ ಎಲ್ಲದಕ್ಕೂ ಒಂದೇ ಹೆಸರು ಹೇಳಿದ್ದೆನಲ್ಲ, ಯಾವ ಮಗುವೂ ಎಣಿಸಿ ನೋಡಿ ನನ್ನನ್ನು ಹಿಡಿಯಲಿಲ್ಲವಲ್ಲ ಅಂತ ಸ್ವಲ್ಪ ನಾಚಿಕೆಯಾಯಿತು, ಸ್ವಲ್ಪ ಬೇಜಾರೂ ಆಯಿತು. ಅವರು ಹೇಗೆ ಎಣಿಸುವುದು, ನಾನು ಅವರನ್ನು ಎಣಿಸುತ್ತಾ ಒಂದೇ ಕಡೆ ನಿಲ್ಲಿಸಿದ್ದೆ.

ಹಿಂದೊಮ್ಮೆ ಒಬ್ಬ ಹುಡುಗ ಇಲ್ಲೇ ನಿಂತು ಕೇಳಿದ್ದ: "ಟೀಚರ್, ಮಡಗಾಸ್ಕರ್ ವಾಪಸ್ ಬರ್ತದಾ?" ಆಗ "ಲೈನಲ್ಲಿ ನಿಲ್ಲು" ಅಂದಿದ್ದೆ.

ಮರಳು ಅಂತ ಇಲ್ಲಿ ಕಡಿಮೆ. ಕಾಲಿಗೆ ಸಿಗುವುದು ಹೆಚ್ಚಾಗಿ ಚಿಪ್ಪಿನ ಚೂರು. ನೋಡಲಿಕ್ಕೆ ಚಂದ, ಬರಿಗಾಲಲ್ಲಿ ನಡೆದರೆ ಗೊತ್ತಾಗುತ್ತದೆ. ಹಿಂಬದಿ ಪಟ್ಟಿ ಇರುವ ಚಪ್ಪಲಿ ಹಾಕಿಕೊಂಡು ಹೋಗಿ, ಹವಾಯಿ ಬೇಡ, ಹಿಂದಿ ಟೀಚರಿನ ಒಂದು ಹವಾಯಿ ಅಲೆಗೆ ಹೋಗಿ ಮೂರನೇ ಅಲೆಗೆ ವಾಪಸ್ ಬಂತು, ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. ಟೊಪ್ಪಿ ಬೇಕೇ ಬೇಕು. ತೆಂಗಿನ ಮರ ಧಾರಾಳ ಇದೆ, ಆದರೆ ತೆಂಗಿನ ಮರದ ನೆರಳು ಎಷ್ಟಿರುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾ? ನೆರಳಿನ ಕೊರತೆಗೆ ಒಂದು ಅಂಕ ಕಡಿಮೆ. ದ್ವೀಪದ ತಪ್ಪನ್ನು ದೋಣಿಯ ಮೇಲೆ ಹಾಕಿದೆ ಅಂತ ನೀವು ಹೇಳಬಹುದು. ಹಾಗಾಗಿ ಅರ್ಧ ಗ್ರೇಸ್ ಮಾರ್ಕ್ ಕೊಟ್ಟಿದ್ದೇನೆ, ಲೆಕ್ಕ ಹಾಕಿ ನೋಡಿ, 21 ಸರಿ ಬರುತ್ತದೆ.

ಬಂಡೆಗಳ ತುದಿಯಲ್ಲಿ ಸೀಟಿ ಹಿಡಿದ ಕಾವಲಿನವರು ನಿಂತಿರುತ್ತಾರೆ. ಸೆಲ್ಫಿಗೆ ಅಂತ ಒದ್ದೆ ಬಂಡೆ ಹತ್ತಿದವರನ್ನು ಊದಿ ಊದಿ ಇಳಿಸುವುದೇ ಅವರ ಕೆಲಸ. ಇಲ್ಲಿ ಜಾರಿ ನೀರಿಗೆ ಬಿದ್ದು ಜೀವ ಕಳೆದುಕೊಂಡವರಿದ್ದಾರೆ, ಹಾಗಾಗಿ ಆ ಸೀಟಿಗೆ ಮುಖ ಸಿಂಡರಿಸಬೇಡಿ. ಒಂದು ಗುಂಪು ಮೂರು ಸಲ ಇಳಿಸಿದರೂ ನಾಲ್ಕನೇ ಸಲ ಹತ್ತಿತು. ಕಾವಲಿನವರಿಗೆ ಊದಿ ಊದಿ ಸುಸ್ತಾಗಿತ್ತು. ನಾನು ಎದ್ದು ಹೋದೆ. ಏನೂ ಜಾಸ್ತಿ ಮಾಡಲಿಲ್ಲ, ಸೊಂಟಕ್ಕೆ ಕೈಯಿಟ್ಟು ನಿಂತು "ಹೆಸರೇನು ನಿನ್ನದು?" ಅಂದೆ, ಅಷ್ಟೇ. ಇಪ್ಪತ್ತೈದು ವರ್ಷದ ಗಡ್ಡದ ಹುಡುಗರು ಒಬ್ಬರ ಹಿಂದೆ ಒಬ್ಬರು ಇಳಿದರು. ಒಬ್ಬ "ಸಾರಿ ಮಿಸ್" ಅಂದ. ಕಾವಲಿನವರು ನನಗೆ ಕೈ ಮುಗಿದರು. ರಜೆಯಲ್ಲಿ ಮಾಡಿದ ಈ ಡ್ಯೂಟಿಗೆ ಯಾವ ಗಳಿಕೆ ರಜೆಯೂ ಸಿಗುವುದಿಲ್ಲ.

ನಮಗೆ ಸಿಕ್ಕಿದ್ದು ಒಂದು ಗಂಟೆ ಚಿಲ್ಲರೆ. ಸಾಕು ಅನ್ನುವಷ್ಟರಲ್ಲಿ ಮುಗಿದದ್ದು ಒಳ್ಳೆಯದೇ ಆಯಿತು, ಆ ಬಿಸಿಲಿಗೆ. ವಾಪಸ್ ಬರುವಾಗ ಹುಡುಗ ಎಣಿಸಲಿಕ್ಕೆ ಹಿಂದೆ ಹೋದಾಗ ನಾನು ಬೇಕೆಂದೇ ಸಮುದ್ರದ ಕಡೆ ತಿರುಗಿ ಕೂತೆ. ಎಣಿಸಲಿಲ್ಲ. ಅವನು ಎಷ್ಟು ಅಂದ ಅಂತಲೂ ಕೇಳಿಸಿಕೊಳ್ಳಲಿಲ್ಲ. ಹಿಂದಿ ಟೀಚರ್ ಮಾತ್ರ ಕಿವಿಯಲ್ಲಿ ಬಂದು "ನಲವತ್ತೊಂದು" ಅಂದಳು.

ಸಂಜೆ ಉಡುಪಿಯಲ್ಲಿ ಇಳಿದು ಡಯಾನಾ ಹೋಟೆಲಿನಲ್ಲಿ ಗಡ್‌ಬಡ್ ಐಸ್‌ಕ್ರೀಮ್ ತಿಂದೆವು. ಗಡ್‌ಬಡ್ ಹುಟ್ಟಿದ್ದು ಇಲ್ಲೇ ಅಂತ ಉಡುಪಿಯವರು ಎದೆ ತಟ್ಟಿ ಹೇಳುತ್ತಾರೆ, ಮಂಗಳೂರಿನವರ ಮುಂದೆ ಹೇಳಿದರೆ ತಮ್ಮೂರಿನ ಐಡಿಯಲ್ ಐಸ್‌ಕ್ರೀಮಿನವರ ಹೆಸರು ತೆಗೆದು ಜಗಳಕ್ಕೆ ಬರುತ್ತಾರೆ. ನಾನು ಆ ಜಗಳಕ್ಕಿಲ್ಲ. ಉದ್ದ ಗ್ಲಾಸು, ಬೇರೆ ಬೇರೆ ಬಣ್ಣದ ಐಸ್‌ಕ್ರೀಮ್, ಹಣ್ಣು, ಜೆಲ್ಲಿ, ಗೋಡಂಬಿ ದ್ರಾಕ್ಷಿ, ಎಲ್ಲ ಒಂದರ ಮೇಲೊಂದು, ಉದ್ದ ಚಮಚ ಅಡಿಯವರೆಗೆ ಇಳಿಸಿ ಮೇಲೆ ತಂದರೆ ಎಲ್ಲವೂ ಸ್ವಲ್ಪ ಸ್ವಲ್ಪ. ಹಿಂದಿ ಟೀಚರ್ ಹೇಳಿದಳು, "ಕ್ಲಾಸಲ್ಲಿ ದಿನಾ ಗಡ್‌ಬಡ್ ಮಾಡ್ಬೇಡಿ ಅಂತ ಬೊಬ್ಬೆ ಹೊಡೀತೇನೆ, ಇಲ್ಲಿ ನೋಡು, ದುಡ್ಡು ಕೊಟ್ಟು ತಿಂತಾ ಇದ್ದೇನೆ."

ಇಷ್ಟು ಬರೆಯುವಾಗ ರಜೆ ಮುಗಿದು ಒಂದು ವಾರ ಆಯಿತು. ಶಾಲೆ ತೆರೆದ ದಿನವೇ ಬಿ ಸೆಕ್ಷನ್ನಿಗೆ ಪೇಪರ್ ಕೊಟ್ಟೆ. ಪರ್ಯಾಯ ದ್ವೀಪದ ಹುಡುಗ ತನ್ನದು ತೆಗೆದುಕೊಂಡ, ಅಂಕ ನೋಡುವ ಮೊದಲು ಒಂದು ಕ್ಷಣ ನಿಂತ, ಪೇಪರನ್ನು ಮೂಗಿನ ಹತ್ತಿರ ತಂದ.

"ಟೀಚರ್, ಮೀನು ಪರಿಮಳ ಬರ್ತದೆ."

ನಾನು ಬೋರ್ಡಿನ ಕಡೆ ತಿರುಗಿದೆ. ಆ ನೀಲಿ ಕ್ರೇಟ್ ನೆನಪಾಯಿತು. ಹಿಂದಿನ ಬೆಂಚಿನಿಂದ ಪೇಪರುಗಳು ಕೈಯಿಂದ ಕೈಗೆ ಹೋಗುವ ಸದ್ದು.

"ಬೂತಾಯಿ" ಅಂದ ಒಬ್ಬ.

"ಅಲ್ಲ ಮಾರಾಯ, ಬಂಗುಡೆ. ನಮ್ಮ ಅಪ್ಪನ ಬೋಟ್ ಉಂಟು, ನನಗೆ ಗೊತ್ತಿಲ್ವಾ?"